ಅಂಗಳದಲ್ಲಿ ಕಾರಿನ ಪಂದ್ಯ

1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ರೇಡಿಯೋ ಅಲೆಗಳಿಂದಲೇ ನಡೆಸಿ ತೋರಿದನು. 1976ರಲ್ಲಿ ಜಪಾನಿನ ತಮಿಯಾ ಸಂಸ್ಥೆ ಬ್ಯಾಟರಿಯಿಂದೋಡುವ ತನ್ನ ಮೊದಲ ರೇಡಿಯೋ ಕಾರನ್ನು ಹೊರತಂದಿತು. ಇಂದು ಅಂಥ ಕಾರು ಶಿರಸಿ ಸೀಮೆಯ ಹುಲೇಕಲ್ಲಿಗೂ ಬರಬಲ್ಲುದು. ಅಡಿಕೆ ಒಣಗಿ ತೆರವಾದ ಅಂಗಳಕ್ಕಿಂತ ಒಳ್ಳೆಯ ಪಂದ್ಯದ ನೆಲ ಬೇರೆಲ್ಲಿದೆ?

ಆದರೆ ಕಾರನ್ನು ಆಯುವಾಗ ಕಣ್ಣಿನ ಮಾತನ್ನಷ್ಟೇ ಕೇಳಬಾರದು. ನೆಲಕ್ಕಂಟಿ ಓಡುವ ಚೆಲುವಾದ ಕಾರು ಜಂಬಿಟ್ಟಿಗೆಯ ಹರಳಿಗೆ ಸಿಕ್ಕಿ ನಿಂತೀತು. ಎತ್ತರದ, ಒರಟು ಗಾಲಿಯ ಬಗ್ಗಿಯೇ ಲೇಸು. ಅದರ ಬಿಡಿಭಾಗಗಳು ಸುಲಭವಾಗಿ ದೊರೆಯುವಂತಿರಬೇಕು.

ಹೊಸಬರು ವೇಗಕ್ಕೆ ಮರುಳಾಗುವರು. ಕಲಿಯಬೇಕಾದುದು ತಿರುವು. ಕಾರು ದೂರ ಹೋಗುವಾಗ ಅದರ ಎಡವೂ ನಮ್ಮ ಎಡವೂ ಒಂದೇ. ನಮ್ಮತ್ತ ಮರಳುವಾಗ ಅದರ ಎಡವು ನಮ್ಮ ಬಲವಾಗುತ್ತದೆ. ಬುದ್ಧಿಗೆ ಸುಲಭವಾದ ಈ ಮಾತು ಬೆರಳಿಗೆ ಸುಲಭವಲ್ಲ. ಎರಡು ತೆಂಗಿನ ಚಿಪ್ಪುಗಳನ್ನು ಐದಾರು ಮಾರು ದೂರದಲ್ಲಿಟ್ಟು ಅವುಗಳ ಸುತ್ತ 8ರ ಆಕಾರದಲ್ಲಿ (ಕನ್ನಡದ ಎಂಟಲ್ಲ, ಇಂಗ್ಲಿಷಿನದು!) ನಿಧಾನವಾಗಿ ಓಡಿಸಬೇಕು. ಗೋಡೆಗೆ ಬಡಿಯದೆ ಸುತ್ತುವವನು, ವೇಗವಾಗಿ ಓಡಿಸಿ ಉರುಳುವವನಿಗಿಂತ ಮೊದಲು ಗುರಿ ಮುಟ್ಟುತ್ತಾನೆ.

ಹಿರಿಯರು ಗಮನಿಸಬೇಕಾದುದು ಬ್ಯಾಟರಿಯನ್ನು. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದೊಂದು ಕೋಶವೂ 4.2 ವೋಲ್ಟನ್ನು ಮೀರಬಾರದು, 3ಕ್ಕಿಂತ ಇಳಿಯಬಾರದು. ಊದಿಕೊಂಡರೆ ಮತ್ತೆ ಚಾರ್ಜ್ ಮಾಡಕೂಡದು. ಹೊತ್ತಿಕೊಂಡರೆ ಆರಿಸುವುದು ಕಷ್ಟ. ಮರದ ಅಟ್ಟದ ಮೇಲೆ, ಹುಲ್ಲಿನ ಬಣವೆಯ ಬಳಿ ಚಾರ್ಜಿಗಿಟ್ಟು ಮಲಗುವುದಂತೂ ಸಲ್ಲದು. ಕಲ್ಲುಹಾಸಿನ ಮೇಲಿಟ್ಟು, ಒಬ್ಬರು ಎದುರಿಗೇ ಇರಬೇಕು.

ಆಟಕ್ಕೆ ಮೊದಲು ಕೈಯಲ್ಲಿನ ಟ್ರಾನ್ಸ್‌ಮಿಟರನ್ನು ಹಾಕಿ, ಬಳಿಕ ಕಾರನ್ನು. ನಿಲ್ಲಿಸುವಾಗ ಕಾರು ಮೊದಲು. ಈ ಕ್ರಮ ತಪ್ಪಿದರೆ ಒಡೆಯನಿಲ್ಲದ ಕಾರು ನೇರವಾಗಿ ತೋಟಕ್ಕಿಳಿದೀತು!