ಬರೆದವರೂ ಇಂಜಿನಿಯರ್, ಕಥೆ ಹೇಳುವವನೂ ಇಂಜಿನಿಯರ್

ಡಿಸ್ಟೋಪಿಯನ್ ಕಾದಂಬರಿ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಬರೋದು ಜಾರ್ಜ್ ಆರ್ವೆಲ್ ಅವರ ‘1984’. ಓದದೇ ಇರೋರಿಗೂ ಬಿಗ್ ಬ್ರದರ್ ಗೊತ್ತು, ‘ಬಿಗ್ ಬಾಸ್’ ಪುಣ್ಯದಿಂದ. ಇನ್ನೂ ಸ್ವಲ್ಪ ಓದಿರೋರು ಆಲ್ಡಸ್ ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ ಅಂತಾರೆ. ಅದು 1932ರದ್ದು. ಈ ಎರಡಕ್ಕೂ ಮೊದಲೇ, 1920-21ರಲ್ಲಿ, ರಷ್ಯಾದ ಯೆವ್ಗೆನಿ ಜಮ್ಯಾತಿನ್ ಒಂದು ಕಾದಂಬರಿ ಬರೆದಿದ್ದರು. ಹೆಸರು ‘ನಾವು’, ಇಂಗ್ಲಿಷಿನಲ್ಲಿ ‘ವಿ’. ಆರ್ವೆಲ್ ಇದನ್ನು ಓದಿ 1946ರಲ್ಲಿ ವಿಮರ್ಶೆ ಬರೆದರು; ‘1984’ ಬಂದಿದ್ದು ಅದಾದ ಮೂರು ವರ್ಷಕ್ಕೆ.

ನಮ್ಮ ಕ್ಯಾಂಪಸ್ಸಿನಲ್ಲಿ ಈ ಮೂರರಲ್ಲಿ ಒಂದನ್ನೇ ಓದೋದಾದ್ರೆ ‘ನಾವು’ ಓದಬೇಕು ಅಂತ ನಂಗನ್ಸುತ್ತೆ. ಕಾರಣ ಸಿಂಪಲ್. ಜಮ್ಯಾತಿನ್ ಓದಿದ್ದು ಸೇಂಟ್ ಪೀಟರ್ಸ್‌ಬರ್ಗ್ ಪಾಲಿಟೆಕ್ನಿಕ್‌ನಲ್ಲಿ, ಹಡಗು ನಿರ್ಮಾಣದ ಇಂಜಿನಿಯರಿಂಗ್. 1916-17ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿದ್ದು, ರಷ್ಯಾಗೋಸ್ಕರ ಕಟ್ಟುತ್ತಿದ್ದ ಐಸ್‌ಬ್ರೇಕರ್ ಹಡಗುಗಳ ಕೆಲಸ ನೋಡಿಕೊಂಡರು. ಅಂದ್ರೆ ಯಂತ್ರ ಕಂಡ್ರೆ ಆಗದ ಸಾಹಿತಿ ಬರೆದ ಪುಸ್ತಕ ಅಲ್ಲ ಇದು. ಕಾದಂಬರಿಯ ಕಥೆಗಾರನೂ ಇಂಜಿನಿಯರ್. ಹೆಸರಿಲ್ಲ, ನಂಬರ್ ಇದೆ: ಡಿ-503. ‘ಇಂಟೆಗ್ರಲ್’ ಅನ್ನೋ ಬಾಹ್ಯಾಕಾಶ ನೌಕೆ ಕಟ್ಟುವವನು ಅವನೇ. ಬೇರೆ ಗ್ರಹದಲ್ಲಿ ಯಾರಾದ್ರೂ ಇದ್ರೆ ಅವರಿಗೂ ‘ಏಕರಾಜ್ಯ’ದ ಸುಖ ತಲುಪಿಸಬೇಕು ಅನ್ನೋದು ಆ ನೌಕೆಯ ಉದ್ದೇಶ.

ಆ ಸುಖ ಹೇಗಿದೆ ನೋಡಿ. ಮನೆಗಳೆಲ್ಲ ಗಾಜಿನವು, ಎಲ್ಲರಿಗೂ ಎಲ್ಲರೂ ಕಾಣಬೇಕು. ಪರದೆ ಇಳಿಸೋಕೆ ಪಿಂಕ್ ಟಿಕೆಟ್ ಬೇಕು. ಲಕ್ಷಾಂತರ ಜನ ಒಂದೇ ನಿಮಿಷಕ್ಕೆ ಏಳ್ತಾರೆ, ಒಂದೊಂದು ತುತ್ತನ್ನೂ ಐವತ್ತು ಸಲ ಅಗೀತಾರೆ. ದಿನಕ್ಕೆ ಎರಡು ಗಂಟೆ ಮಾತ್ರ ಸ್ವಂತ ಸಮಯ. ಅದೂ ಟೈಮ್‌ಟೇಬಲ್‌ನಲ್ಲೇ ಇದೆ. ಡಿ-503 ಪ್ರಕಾರ ಹಳೆಯ ಕಾಲದವರು ಬಿಟ್ಟುಹೋದ ಅತ್ಯುತ್ತಮ ಸಾಹಿತ್ಯ ಕೃತಿ ರೈಲ್ವೆ ಟೈಮ್‌ಟೇಬಲ್!

ಓದ್ತಾ ನಂಗೆ ನಗು ಬಂತು. ಆದರೆ ‘1984’ ಓದುವಾಗ ಆದಂಥ ಉಸಿರುಗಟ್ಟುವ ಅನುಭವ ಶುರುವಿನಲ್ಲಿ ಆಗಲೇ ಇಲ್ಲ. ಅಲ್ಲಿ ವಿನ್‌ಸ್ಟನ್ ಮೊದಲ ಪುಟದಿಂದಲೇ ದುಃಖದಲ್ಲಿದ್ದಾನೆ, ನಾವು ಅವನ ಪರ. ಇಲ್ಲಿ ಡಿ-503 ಖುಷಿಯಾಗಿದ್ದಾನೆ. ವರ್ಕ್‌ಶಾಪಿನಲ್ಲಿ ಯಂತ್ರಗಳು ಲಯಬದ್ಧವಾಗಿ ತಿರುಗೋದನ್ನ ನೃತ್ಯ ನೋಡೋ ಹಾಗೆ ನೋಡ್ತಾನೆ. ಲೇತ್ ಮುಂದೆ ಒಮ್ಮೆಯಾದ್ರೂ ಮೈಮರೆತು ನಿಂತವರಿಗೆ ಅದು ಸುಳ್ಳು ಅನ್ಸಲ್ಲ. ಅವನ ವಾದಗಳೂ ನಮ್ಮವೇ. ಮ್ಯಾನೇಜ್‌ಮೆಂಟ್ ಪೇಪರಿಗೆ ಓದ್ತೀವಲ್ಲ ಫ್ರೆಡರಿಕ್ ಟೇಲರ್, ಸ್ಟಾಪ್‌ವಾಚ್ ಹಿಡಿದು ಕಾರ್ಮಿಕರ ಒಂದೊಂದು ಚಲನೆ ಅಳೆದು 1911ರಲ್ಲಿ ‘ಸೈಂಟಿಫಿಕ್ ಮ್ಯಾನೇಜ್‌ಮೆಂಟ್’ ಪುಸ್ತಕ ಬರೆದವರು, ಅವರೇ ಏಕರಾಜ್ಯದ ಮಹಾಪುರುಷ. ಹಿಂದಿನವರು ಕಾಂಟ್ ಬಗ್ಗೆ ಲೈಬ್ರರಿಗಟ್ಟಲೆ ಬರೆದು ಟೇಲರ್‌ನನ್ನು ಹೇಗೆ ಕಡೆಗಣಿಸಿದರು ಅಂತ ಡಿ-503ಗೆ ಆಶ್ಚರ್ಯ. ಟೇಲರ್‌ದು ಒಂದೇ ಕೊರತೆಯಂತೆ, ತನ್ನ ವಿಧಾನವನ್ನು ದಿನದ 24 ಗಂಟೆಗೂ ಹಬ್ಬಿಸಲಿಲ್ಲ.

ಅವನನ್ನು ಕಾಡುವ ಶತ್ರುವೂ ಗಣಿತದ್ದೇ: ಮೈನಸ್ ಒಂದರ ವರ್ಗಮೂಲ. ಸ್ಕೂಲಿನಲ್ಲಿ ಯಂತ್ರ-ಮೇಷ್ಟ್ರು ಅದನ್ನು ಹೇಳಿಕೊಟ್ಟ ದಿನ ಅತ್ತು, ಮೇಜು ಗುದ್ದಿ, ಇದು ನಂಗೆ ಬೇಡ ಅಂದಿದ್ದ. ನಾವು ಅದಕ್ಕೆ ‘ಐ’ ಅಂತಲೋ ‘ಜೆ’ ಅಂತಲೋ ಹೆಸರಿಟ್ಟು ಸರ್ಕ್ಯೂಟ್ ಲೆಕ್ಕ ಮಾಡಿ ಮುಂದೆ ಹೋಗ್ತೀವಿ. ಅವನಿಗೆ ಹಾಗೆ ಹೋಗೋಕಾಗಲ್ಲ. ಲೆಕ್ಕಕ್ಕೆ ಸಿಗದ್ದು ಲೆಕ್ಕದೊಳಗೇ ಕೂತಿದೆ ಅನ್ನೋದು ಅವನ ಸಂಕಟ. ಮುಂದೆ ಐ-330 ಎಂಬ ಹೆಣ್ಣು ಬಂದ ಮೇಲೆ ಅದು ಇನ್ನೂ ಜಾಸ್ತಿಯಾಗುತ್ತೆ. ಡಾಕ್ಟರ್ ಪರೀಕ್ಷೆ ಮಾಡಿ ‘ನಿನಗೆ ಆತ್ಮ ಹುಟ್ಟಿಕೊಂಡಿದೆ’ ಅಂತ ಕಾಯಿಲೆಯ ಥರ ಹೇಳ್ತಾನೆ. ಈ ಪ್ರೇಮದ ಭಾಗ ಅಲ್ಲಲ್ಲಿ ಗೊಂದಲವಾಗಿದೆ, ನಂಗೆ ಅಷ್ಟು ಹಿಡಿಸಲಿಲ್ಲ.

ನಿಜವಾಗಿ ನಂಗೆ ಚಳಿ ಹಿಡಿಸಿದ್ದು ಸಣ್ಣ ಒಂದು ಘಟನೆ. ಇಂಟೆಗ್ರಲ್‌ನ ಇಂಜಿನ್ ಟೆಸ್ಟ್ ನಡೀತಿದೆ. ಅದರ ಬೆಂಕಿ ಹೊರಬರೋ ಜಾಗದಲ್ಲಿ ಹತ್ತು ಜನ ಎಚ್ಚರ ತಪ್ಪಿ ನಿಂತಿದ್ದಾರೆ. ಇಂಜಿನ್ ಹೊತ್ತಿಕೊಳ್ಳುತ್ತೆ, ಸ್ವಲ್ಪ ಮಸಿ ಬಿಟ್ಟು ಏನೂ ಉಳಿಯಲ್ಲ. ಕೆಲಸ ಒಂದು ಕ್ಷಣವೂ ನಿಲ್ಲಲಿಲ್ಲ ಅಂತ ಡಿ-503 ಹೆಮ್ಮೆಯಿಂದ ಬರೀತಾನೆ. ಒಟ್ಟು ಜನಸಂಖ್ಯೆಯ ಮುಂದೆ ಹತ್ತು ಅಂದ್ರೆ ಮೂರನೇ ಆರ್ಡರ್‌ನ ಇನ್ಫಿನಿಟೆಸಿಮಲ್, ಅದಕ್ಕೆ ಮರುಗೋದು ಗಣಿತ ಗೊತ್ತಿಲ್ಲದ ಹಳಬರ ಕೆಲಸ.

ಈ ಭಾಷೆ ನಮಗೆ ಹೊಸದಲ್ಲ. ಟೇಲರ್ ಸೀರೀಸ್‌ನಲ್ಲಿ (ಆ ಟೇಲರ್ ಬೇರೆ, ಹೆದರಬೇಡಿ) ಹೈಯರ್ ಆರ್ಡರ್ ಟರ್ಮ್ ಬಂದ ಕೂಡಲೇ ‘ನೆಗ್ಲೆಕ್ಟ್’ ಅಂತ ಬರೆದು ಮುಂದಿನ ಸ್ಟೆಪ್ಪಿಗೆ ಹೋಗ್ತೀವಿ. ಸಣ್ಣ ಸಂಖ್ಯೆಯ ಕ್ಯೂಬ್ ಇನ್ನೂ ಸಣ್ಣದು, ಬಿಟ್ಟರೆ ಉತ್ತರ ಬದಲಾಗಲ್ಲ. ಘರ್ಷಣೆ, ಗಾಳಿಯ ತಡೆ, ಹಗ್ಗದ ತೂಕ ಎಲ್ಲ ನೆಗ್ಲೆಕ್ಟ್. ಹಾಗೆ ಬಿಡದಿದ್ರೆ ಒಂದು ಲೆಕ್ಕವೂ ಮುಗಿಯಲ್ಲ, ಅದು ನಿಜ. ಡಿ-503ನ ಗಣಿತದಲ್ಲೂ ತಪ್ಪಿಲ್ಲ. ಯಾವ ಎಕ್ಸಾಮಿನರ್ ಕೂಡ ಅಲ್ಲಿ ಮಾರ್ಕ್ಸ್ ಕಟ್ ಮಾಡಲ್ಲ. ಅಣೆಕಟ್ಟು, ಔಷಧಿ, ತಾನೇ ಓಡೋ ಕಾರು, ಯಾವುದನ್ನು ವಿನ್ಯಾಸ ಮಾಡಿದ್ರೂ ನಾಳೆ ನಮ್ಮ ಮುಂದೆ ಇಂಥ ಒಂದು ಸಣ್ಣ ಟರ್ಮ್ ಬಂದೇ ಬರುತ್ತೆ. ಅದರ ಒಳಗೆ ಯಾರಿದ್ದಾರೆ ಅಂತ ಈಕ್ವೇಶನ್ ಹೇಳಲ್ಲ.

ಏಕರಾಜ್ಯಕ್ಕೆ ಇದರ ಪರಿಹಾರ ಗೊತ್ತು. ಮಿದುಳಿನಲ್ಲಿ ಕಲ್ಪನೆ ಹುಟ್ಟೋ ಜಾಗವನ್ನು ಎಕ್ಸ್-ರೇಯಿಂದ ಸುಟ್ಟುಬಿಡೋ ಆಪರೇಶನ್ ಘೋಷಿಸುತ್ತೆ. ಡಿ-503 ಏನಾದ ಅಂತ ಹೇಳಲ್ಲ, ಓದಿ.

ಜಮ್ಯಾತಿನ್ ಕೆಲಸ ಮಾಡಿದ ಒಂದು ಐಸ್‌ಬ್ರೇಕರ್‌ಗೆ ಕ್ರಾಂತಿಯ ನಂತರ ‘ಲೆನಿನ್’ ಅಂತಲೇ ಹೆಸರಿಟ್ಟರು. ಕಾದಂಬರಿಗೆ ಮಾತ್ರ ಸೋವಿಯತ್ ದೇಶದಲ್ಲಿ ಅಚ್ಚಾಗೋ ಭಾಗ್ಯ ಸಿಕ್ಕಿದ್ದು 1988ರಲ್ಲಿ. ಮೊದಲು ಪುಸ್ತಕವಾಗಿ ಬಂದಿದ್ದು 1924ರಲ್ಲಿ ನ್ಯೂಯಾರ್ಕಿನಲ್ಲಿ, ಇಂಗ್ಲಿಷಿನಲ್ಲಿ. ದೇಶ ಬಿಡೋಕೆ ಅನುಮತಿ ಕೇಳಿ ಸ್ಟಾಲಿನ್‌ಗೇ ಪತ್ರ ಬರೆದು, 1931ರಲ್ಲಿ ಹೊರಟ ಜಮ್ಯಾತಿನ್ 1937ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು.

ಪುಸ್ತಕ ದಪ್ಪ ಇಲ್ಲ, 40 ಪುಟ್ಟ ದಾಖಲೆಗಳಷ್ಟೇ. ಆ ಹತ್ತು ಜನ ಬರೋದು 19ನೆಯದರಲ್ಲಿ. ಕೆಲವೇ ಸಾಲು, ಬೇಗ ಬೇಗ ಓದಿದ್ರೆ ಕಣ್ತಪ್ಪುತ್ತೆ.