ಮನಸ್ಸಿನ ಗಾಯಕ್ಕೆ ಸಾಕ್ಷಿ ಯಾರು?

ಅಪರಾಧಕ್ಕೆ ತುತ್ತಾದವರಿಗೆ ಸರ್ಕಾರದ ನಿಧಿಯಿಂದಲೇ ಪರಿಹಾರ ಸಲ್ಲಬೇಕೆಂಬ ತತ್ತ್ವಕ್ಕೆ ನಮ್ಮ ಕಾನೂನಿನಲ್ಲಿ ಮನ್ನಣೆ ದೊರೆತು ಒಂದೂವರೆ ದಶಕ ಕಳೆದಿದೆ. 2008ರ ತಿದ್ದುಪಡಿಯಿಂದ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿದ 357ಎ ಕಲಂ 2009ರ ಡಿಸೆಂಬರ್ 31ರಂದು ಜಾರಿಗೆ ಬಂತು. ಅದರನ್ವಯ ಕರ್ನಾಟಕವು 2011ರಲ್ಲಿ ತನ್ನ ಯೋಜನೆಯನ್ನು ರೂಪಿಸಿತು. 2024ರ ಜುಲೈ 1ರಿಂದ ಇದೇ ವ್ಯವಸ್ಥೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮಿನಲ್ಲಿ ಮುಂದುವರಿದಿದೆ. ಆದರೆ ಗಾಯವಾದದ್ದು ಮನಸ್ಸಿಗಾದರೆ ಅದನ್ನು ಸಾಬೀತುಪಡಿಸುವ ಹೊಣೆ ಯಾರದು, ಅದರ ವೆಚ್ಚ ಯಾರದು ಎಂಬ ಪ್ರಶ್ನೆ ಇತ್ಯರ್ಥವಾಗಿಲ್ಲ.

ಕಾನೂನು ಮನಸ್ಸನ್ನು ಮರೆತಿದೆ ಎನ್ನಲಾಗದು. 1860ರ ಭಾರತೀಯ ದಂಡ ಸಂಹಿತೆಯ 44ನೇ ಕಲಮೇ ದೇಹ, ಮನಸ್ಸು, ಕೀರ್ತಿ ಅಥವಾ ಸ್ವತ್ತಿಗೆ ಅಕ್ರಮವಾಗಿ ಉಂಟಾದ ಯಾವುದೇ ಹಾನಿಯನ್ನು 'ಹಾನಿ' ಎಂದು ಕರೆದಿತ್ತು. ಅತ್ಯಾಚಾರ ಸಂತ್ರಸ್ತೆಯ ವೈದ್ಯಕೀಯ ವರದಿಯಲ್ಲಿ ಆಕೆಯ ಸಾಮಾನ್ಯ ಮಾನಸಿಕ ಸ್ಥಿತಿಯನ್ನೂ ದಾಖಲಿಸಬೇಕೆಂದು 164ಎ ಕಲಂ ವಿಧಿಸಿತ್ತು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು ಮಹಿಳಾ ಸಂತ್ರಸ್ತರಿಗಾಗಿ ರೂಪಿಸಿದ 2018ರ ಯೋಜನೆಯಲ್ಲಿ, ಪುನರ್ವಸತಿ ಅಗತ್ಯವಿರುವ ಮಾನಸಿಕ ಗಾಯಕ್ಕೆ ಒಂದರಿಂದ ಎರಡು ಲಕ್ಷ ರೂಪಾಯಿ ನಿಗದಿಯಾಗಿದೆ. ಆದರೆ ಅದೇ ದಂಡ ಸಂಹಿತೆ 320ನೇ ಕಲಮಿನಲ್ಲಿ 'ತೀವ್ರ ಗಾಯ'ದ ಎಂಟು ವಿಧಗಳನ್ನು ಪಟ್ಟಿ ಮಾಡಿದಾಗ ಎಂಟೂ ದೇಹಕ್ಕೇ ಸೇರಿದ್ದವು. ಈಗಿನ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಇಪ್ಪತ್ತು ದಿನಗಳ ನರಳಾಟವನ್ನು ಹದಿನೈದಕ್ಕೆ ಇಳಿಸಿತೇ ಹೊರತು ಆ ಪಟ್ಟಿಗೆ ಮನಸ್ಸನ್ನು ಸೇರಿಸಲಿಲ್ಲ.

ನಿವೃತ್ತಿಯ ನಂತರ ಬೀರೂರಿನಲ್ಲಿ ನೆಲೆಸಿರುವ ನನ್ನ ಬಳಿಗೆ ಅರ್ಜಿ ಬರೆಸಿಕೊಳ್ಳಲು ಆಗಾಗ ಜನ ಬರುತ್ತಾರೆ. ಪರಿಹಾರ ಕೋರುವವರ ಚೀಲದಲ್ಲಿ ಪ್ರಥಮ ವರ್ತಮಾನ ವರದಿ, ಗಾಯದ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇರುತ್ತವೆ. ಮನೋವೈದ್ಯರ ಕಾಗದವನ್ನು ನಾನು ಕಂಡದ್ದಿಲ್ಲ. ಕಡತದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎಂಬುದು ಕಚೇರಿಗಳ ಹಳೆಯ ನಂಬಿಕೆ. ಅಲ್ಲಿ ಕೆಲಸ ಮಾಡಿದ ನನಗೆ ಅದರ ಬಲ ಗೊತ್ತಿದೆ.

ಉದಾಹರಣೆಗೆ, ಸಣ್ಣ ಅಂಗಡಿ ನಡೆಸುವ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳಿ. ರಾತ್ರಿ ಚಾಕು ತೋರಿಸಿ ದೋಚಿದವರು ಪತ್ತೆಯಾಗಿಲ್ಲ. ತೋಳಿನ ನಾಲ್ಕು ಹೊಲಿಗೆ ವಾರದಲ್ಲಿ ಮಾಯುತ್ತದೆ. ಆದರೆ ಮುಸ್ಸಂಜೆಯಾದರೆ ಆಕೆಗೆ ಅಂಗಡಿಯಲ್ಲಿ ಕೂರಲಾಗದು, ನಿದ್ದೆಯಿಲ್ಲ, ಬಾಗಿಲು ಬಡಿದರೆ ಮೈ ನಡುಗುತ್ತದೆ. ಗಾಯದ ಪ್ರಮಾಣಪತ್ರ ಹೇಳುವುದು 'ಸಾಧಾರಣ ಗಾಯ' ಎಂದಷ್ಟೆ. ಪರಿಹಾರದ ಮೊತ್ತ ಆ ಎರಡು ಪದಗಳ ಮೇಲೆ ನಿಲ್ಲುತ್ತದೆ.

ಇಲ್ಲಿ ಕಾಲದ ತೊಡಕೂ ಇದೆ. ಅಪರಾಧಿ ಪತ್ತೆಯಾಗದ ಪ್ರಕರಣಗಳಲ್ಲಿ ಕಾನೂನು ಸೇವೆಗಳ ಪ್ರಾಧಿಕಾರವು ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು. ಇದು ಸಂತ್ರಸ್ತರ ಹಿತಕ್ಕಾಗಿಯೇ ಇಟ್ಟ ಗಡುವು. ಆದರೆ 1980ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಗೆ ಸೇರಿಸಿದ ಆಘಾತೋತ್ತರ ಒತ್ತಡದ ಕಾಯಿಲೆಯನ್ನು ಗುರುತಿಸಬೇಕಾದರೆ ಲಕ್ಷಣಗಳು ಒಂದು ತಿಂಗಳಿಗೂ ಮೀರಿ ಉಳಿದಿರಬೇಕು. ಕೆಲವರಲ್ಲಿ ಅದು ಪೂರ್ಣವಾಗಿ ಕಾಣಿಸಿಕೊಳ್ಳುವುದು ಆರು ತಿಂಗಳ ನಂತರ. ಅಂದರೆ ಗಾಯ ಹೊರಬೀಳುವ ಮೊದಲೇ ಆದೇಶ ಹೊರಬಿದ್ದಿರುತ್ತದೆ. ಹೀಗಾಗಿ ಮನಸ್ಸಿನ ಗಾಯಕ್ಕೆ ಮೇಲ್ಮನವಿಯೇ ಎಷ್ಟೋ ಸಲ ಮೊದಲ ಅವಕಾಶ.

ಆ ಅವಕಾಶದ ಬೆಲೆ ಎಷ್ಟು? ಅರ್ಜಿ ಚಿಕ್ಕಮಗಳೂರಿನ ಜಿಲ್ಲಾ ಪ್ರಾಧಿಕಾರದ ಮುಂದೆ. ಮೇಲ್ಮನವಿ ಬೆಂಗಳೂರಿನ ರಾಜ್ಯ ಪ್ರಾಧಿಕಾರದ ಮುಂದೆ. ತಜ್ಞರೆಂದರೆ ಜನರಿಗೆ ನೆನಪಾಗುವ ನಿಮ್ಹಾನ್ಸ್ ಕೂಡ ಇನ್ನೂರು ಕಿಲೋಮೀಟರಿಗೂ ದೂರದ ಬೆಂಗಳೂರಿನಲ್ಲೇ ಇದೆ. ಅದೇ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ ಶೇ 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಚಿಕಿತ್ಸೆಯೇ ಸಿಗದವರು ಪ್ರಮಾಣಪತ್ರ ತರುವುದೆಲ್ಲಿಂದ? ಕೆಲವು ಸಾವಿರ ಖರ್ಚು, ನಾಲ್ಕಾರು ದಿನಗಳ ಕೂಲಿ, ಫಲಿತಾಂಶದ ಅನಿಶ್ಚಿತತೆ. ಇಷ್ಟನ್ನೂ ಲೆಕ್ಕ ಹಾಕುವ ಬಡ ಅರ್ಜಿದಾರ ಮೇಲ್ಮನವಿಯನ್ನೇ ಕೈಬಿಡುವುದು ಅರ್ಥಶಾಸ್ತ್ರದ ದೃಷ್ಟಿಯಿಂದ ತೀರ ವಿವೇಕದ ನಿರ್ಧಾರ. ಹಾಗೆ ಕೈಬಿಡುವಂತೆ ಮಾಡುವ ವ್ಯವಸ್ಥೆಯಲ್ಲಿ ವಿವೇಕವಿಲ್ಲ.

ಪ್ರಮಾಣಪತ್ರ ದೊರೆತರೂ ಅದು ಯಾವ ಬಗೆಯದು ಎಂಬುದು ಮುಖ್ಯ. ಮಾನಸಿಕ ಅಂಗವೈಕಲ್ಯವನ್ನು ಶೇಕಡಾವಾರು ಅಳೆಯಲು ನಮ್ಮಲ್ಲಿ ಬಳಕೆಯಲ್ಲಿರುವ 'ಐಡಿಯಾಸ್' ಮಾಪನ ಸ್ವಂತ ಆರೈಕೆ, ಪರಸ್ಪರ ಸಂಬಂಧ, ಸಂವಹನ, ದುಡಿಮೆ ಎಂಬ ನಾಲ್ಕು ಕ್ಷೇತ್ರಗಳ ಜೊತೆಗೆ ಕಾಯಿಲೆಯ ಅವಧಿಗೂ ಅಂಕ ಕೊಡುತ್ತದೆ. ಸೌಲಭ್ಯಗಳಿಗಾಗಿ ದೀರ್ಘಕಾಲದ ಕಾಯಿಲೆಯನ್ನು ಅಳೆಯಲು ಅದು ಸರಿ. ಕಳೆದ ವರ್ಷದ ದಾಳಿಯ ಪರಿಣಾಮ ಅಳೆಯಲು ಅದೊಂದೇ ಸಾಲದು. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಎಂಬ ಅಪಘಾತ ಪರಿಹಾರದ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಇಲ್ಲಿ ದಾರಿದೀಪ. ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿದ್ದ ಆರ್.ವಿ. ರವೀಂದ್ರನ್ ಬರೆದ ಆ ತೀರ್ಪು, ಪ್ರಮಾಣಪತ್ರದ ಶೇಕಡಾವಾರನ್ನೇ ಗಳಿಕೆಯ ನಷ್ಟವೆಂದು ಯಾಂತ್ರಿಕವಾಗಿ ಭಾವಿಸಬಾರದು, ವ್ಯಕ್ತಿ ಮಾಡುತ್ತಿದ್ದ ಕೆಲಸವನ್ನು ಈಗ ಮಾಡಬಲ್ಲನೇ ಎಂದು ನೋಡಬೇಕು ಎಂದಿತು. ವೈದ್ಯರ ಸಮಯ ವ್ಯರ್ಥವಾಗದಂತೆ ಅವರ ಸಾಕ್ಷ್ಯ ಪಡೆಯುವ ಬಗೆಯನ್ನೂ ಸೂಚಿಸಿತು. ಕಾಲಿನ ಮೂಳೆಗೆ ಅನ್ವಯವಾಗುವ ಈ ನ್ಯಾಯ ಮನಸ್ಸಿಗೂ ಅನ್ವಯವಾಗಬೇಕು.

ಸುಳ್ಳು ಲಕ್ಷಣ ಹೇಳಿ ಹಣ ಪಡೆಯುವವರು ಹೆಚ್ಚಾಗುತ್ತಾರೆಂಬ ಆಕ್ಷೇಪವಿದೆ. ಅದನ್ನು ತಳ್ಳಿಹಾಕುವಂತಿಲ್ಲ. 1964ರಿಂದ ಇಂಥ ಯೋಜನೆಯುಳ್ಳ ಬ್ರಿಟನ್, ತನ್ನ 2012ರ ನಿಯಮಗಳಲ್ಲಿ ಮಾನಸಿಕ ಗಾಯಕ್ಕೆ ಮನೋವೈದ್ಯರ ಅಥವಾ ಚಿಕಿತ್ಸಾ ಮನೋವಿಜ್ಞಾನಿಯ ದೃಢೀಕರಣವನ್ನು ಕಡ್ಡಾಯ ಮಾಡಿತು. ತಜ್ಞರು ವಿರಳವಾಗಿರುವ ನಮ್ಮಲ್ಲಿ ಅದನ್ನೇ ನಕಲು ಮಾಡಿದರೆ ಪ್ರಮಾಣಪತ್ರವೇ ಬೀಗವಾದೀತು. ತಜ್ಞರ ಅಭಿಪ್ರಾಯ ಸಲಹೆಯ ಸ್ವರೂಪದ್ದು, ಅದರ ಬಲ ಅದರ ಹಿಂದಿರುವ ಕಾರಣಗಳಲ್ಲಿದೆ ಎಂದು ಹಿಮಾಚಲ ಪ್ರದೇಶ ವಿರುದ್ಧ ಜೈ ಲಾಲ್ ಪ್ರಕರಣದಲ್ಲಿ 1999ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸುಳ್ಳನ್ನು ತಡೆಯುವುದೂ ಕಾರಣಸಹಿತವಾದ ವರದಿಯೇ.

ಪರಿಹಾರೋಪಾಯ ದುಬಾರಿಯದೇನೂ ಅಲ್ಲ. ಅರ್ಜಿ ಬಂದೊಡನೆ ಜಿಲ್ಲಾ ಪ್ರಾಧಿಕಾರವೇ ಅರ್ಜಿದಾರರನ್ನು ಸರ್ಕಾರಿ ಮನೋವೈದ್ಯರ ಬಳಿಗೆ ಉಚಿತವಾಗಿ ಕಳುಹಿಸಲಿ. ಬಳ್ಳಾರಿಯ ಪ್ರಯೋಗವನ್ನು ಮಾದರಿಯಾಗಿಸಿಕೊಂಡು 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೂ, ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರನ್ನು ಕರೆತರುವ ರಾಜ್ಯದ 'ಮನೋಚೈತನ್ಯ' ಯೋಜನೆಯೂ ಇದಕ್ಕೆ ನೆಲೆಯಾಗಬಲ್ಲವು. ಆರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷೆಯಾಗಿ, ಅಗತ್ಯವಿದ್ದರೆ ಪೂರಕ ಆದೇಶ ಹೊರಡಲಿ. ವರದಿ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಿದರೆ ಸಾಕು: ಘಟನೆಗೆ ಮೊದಲು ವ್ಯಕ್ತಿ ಹೇಗಿದ್ದರು, ಈಗಿನ ತೊಂದರೆ ಯಾವುದು, ಅದರಿಂದ ಯಾವ ಕೆಲಸ ನಿಂತಿದೆ, ಚಿಕಿತ್ಸೆಗೆ ಎಷ್ಟು ಕಾಲ ಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ನೀಡಿರುವ ಗೋಪ್ಯತೆಯ ಹಕ್ಕಿಗೆ ಧಕ್ಕೆಯಾಗದಂತೆ, ವರದಿ ಇದಕ್ಕಿಂತ ಹೆಚ್ಚೇನನ್ನೂ ಕೆದಕದಿರಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಮನೋವೈದ್ಯರ ಕಾಗದವಿಲ್ಲವೆಂಬ ಒಂದೇ ಕಾರಣಕ್ಕೆ ಯಾವ ಮೇಲ್ಮನವಿಯೂ ವಜಾ ಆಗಬಾರದು. ಕಾಗದವಿಲ್ಲದಿದ್ದರೆ ಅದನ್ನು ತರಿಸಿಕೊಳ್ಳುವ ಕರ್ತವ್ಯ ಪ್ರಾಧಿಕಾರದ್ದೆಂದು ರಾಜ್ಯ ಸರ್ಕಾರ ತನ್ನ ಯೋಜನೆಗೆ ಒಂದು ವಾಕ್ಯ ಸೇರಿಸಲಿ. ಪ್ರಜೆಯನ್ನು ಅಪರಾಧದಿಂದ ಕಾಪಾಡಲಾಗದ ಸರ್ಕಾರ, ಆದ ಗಾಯವನ್ನು ಸಾಬೀತುಪಡಿಸುವ ಹೊರೆಯನ್ನೂ ಗಾಯಗೊಂಡವರ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ.