ಬಾಯಮ್ಮನ ತೆನೆ

ಸೋಣದ ಮಳೆ ಬೆಳಗ್ಗೆಯೇ ಒಮ್ಮೆ ಹೊಯ್ದು ನಿಂತಿದೆ. ಮಂಗಳೂರು ಕಡೆಯ ಒಂದು ಹಳ್ಳಿ ಇಗರ್ಜಿಯ ಅಂಗಳದಲ್ಲಿ ಕೊಡೆಗಳು ಮಡಚಿಕೊಂಡವು, ಹೂಬುಟ್ಟಿಗಳು ಹೊರಬಂದವು. ಇವತ್ತು ಸೆಪ್ಟೆಂಬರ್ 8, ಮರಿಯಮ್ಮ ಹುಟ್ಟಿದ ದಿನದ ಮೊಂತಿ ಹಬ್ಬ. ಒಂಬತ್ತು ದಿನದ ನೊವೆನಾದುದ್ದಕ್ಕೂ ಹೂ ತಂದ ಮಕ್ಕಳಿಗೆ ಇದೇ ಕೊನೆಯ ಸರದಿ. ಬಟ್ಟೆ ಸುತ್ತಿ ಮಲಗಿಸಿದ ಹಸುಗೂಸಿನ ಹಾಗಿರುವ ಬಾಲ ಮರಿಯಮ್ಮನ ಪ್ರತಿಮೆ ಮುಂದೆ ದಾಸವಾಳ, ನಂದಿಬಟ್ಟಲು, ಬೇಲಿಯಿಂದ ಕಿತ್ತ ಯಾವುದೋ ಹಳದಿ ಹೂವೆಲ್ಲ ಕೊಂಕಣಿ ಹಾಡಿನ ತಾಳಕ್ಕೆ ಬೀಳುತ್ತಿವೆ. ಒಬ್ಬ ಪೋರ ಬುಟ್ಟಿಯ ತಳದ ಇರುವೆಗಳನ್ನೂ ಸೇರಿಸಿ ಎಸೆದ.

ಪಾದ್ರಿಗಳು ಪವಿತ್ರ ಜಲ ಚಿಮುಕಿಸಿದ ಭತ್ತದ ತೆನೆಗಳನ್ನು ಮನೆಮನೆಗೆ ಹಂಚಿದರು. ಮಕ್ಕಳ ಕೈಗೆ ಕಬ್ಬು. ನಮ್ಮ ನೆರೆಮನೆಯ ಬಾಯಮ್ಮ ತನ್ನ ಪಾಲಿನ ತೆನೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದರು. ಅವರ ಗದ್ದೆ ಸೈಟಾಗಿ ವರ್ಷಗಳೇ ಆದವು. ತೆನೆ ಯಾರದೋ ಗದ್ದೆಯದು.

ಆಲ್ತಾರಿನ ಎದುರು ಮೇಣದಬತ್ತಿ ಹಚ್ಚಿ, ಪ್ರಾರ್ಥನೆ ಮುಗಿಸಿ, ಕಾಳು ಸುಲಿಯಲು ಕೂತರು. ಎಂಬತ್ತರ ಹತ್ತಿರದ ಉಗುರು, ಹಸಿ ಭತ್ತದ ಸಿಪ್ಪೆ. ಕಾಳು ಎರಡು ಸಲ ಜಾರಿತು, ನಾನು ಕೈ ಚಾಚಿದೆ, ಅವರು ಕೊಡಲಿಲ್ಲ. ಮನೆಯ ಹಿರಿಯರೇ ಸುಲಿಯಬೇಕು. ಸುಲಿದದ್ದನ್ನು ಜಜ್ಜಿ ಹಾಲಿಗೆ ಹಾಕಿ ಎಲ್ಲರಿಗೂ ಒಂದೊಂದು ಗುಟುಕು. ಆಮೇಲೆ ಬಾಳೆಲೆ. ಮೀನಿಲ್ಲದೆ ಅನ್ನ ಇಳಿಯದ ಮನೆಯಲ್ಲಿ ಇವತ್ತು ಬರೀ ತರಕಾರಿ: ಬೆಂಡೆ, ಹೀರೆ, ಅಳಸಂಡೆ, ಹರಿವೆ, ಕೆಸು, ಎಣಿಸಿದರೆ ಬೆಸ ಸಂಖ್ಯೆಯೇ ಬರಬೇಕು. ನಮ್ಮ ಮನೆಯ ತೆನೆ ಹಬ್ಬವಾದ ಕೊರಲ್ ಪರ್ಬಕ್ಕೂ ಇದಕ್ಕೂ ಎಷ್ಟು ದೂರ, ನೀವೇ ಹೇಳಿ.

ಮೊಂತಿ ಎಂಬ ಹೆಸರು ನೇತ್ರಾವತಿ ದಡದ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಿಂದ ಬಂದದ್ದು. 1763ರಲ್ಲಿ ಅಲ್ಲಿ ಫಾದರ್ ಜೋಕಿಂ ಮಿರಾಂದಾ ಹಬ್ಬ ಆರಂಭಿಸಿದರೆಂಬುದು ಕರಾವಳಿ ಕ್ರೈಸ್ತರ ನಂಬಿಕೆ. 1784ರಲ್ಲಿ ಟಿಪ್ಪು ಸುಲ್ತಾನ್ ಇವರ ಹಿರಿಯರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. 1799ರ ನಂತರ ಬದುಕಿ ಮರಳಿದವರು ಮತ್ತೆ ಗದ್ದೆಗಿಳಿದರು. ಈ ಕತೆಯನ್ನು ಬಾಯಮ್ಮ ಹೇಳಿದ್ದು ಹರಿವೆ ಸೊಪ್ಪು ಬಡಿಸುತ್ತಾ, ದನಿ ಏರಿಸದೆ.

ನನಗೆ ಬಾಯಿ ಸುಮ್ಮನಿರದು. "ಬಾಯಮ್ಮ, ಮರಿಯಮ್ಮ ಹುಟ್ಟಿದ ಸುದ್ದಿ ಬೈಬಲಲ್ಲಿ ಎಲ್ಲಿಯೂ ಇಲ್ಲವಂತಲ್ಲ?" ಎಂದೆ.

"ಇಲ್ಲ ಮಗಾ. ನನ್ನ ಅಮ್ಮ ಹುಟ್ಟಿದ ತಾರೀಕೂ ಯಾವ ಪುಸ್ತಕದಲ್ಲೂ ಇಲ್ಲ. ಹಾಗಂತ ಅವಳು ಹುಟ್ಟಲಿಲ್ಲವಾ? ಸಾರು ಹಾಕಲಾ?"

ಇಷ್ಟು ಚೊಕ್ಕ ಉತ್ತರವನ್ನು ನಾನು ಯಾವ ಪ್ರವಚನದಲ್ಲೂ ಕೇಳಿಲ್ಲ. ಸಾರು ಹಾಕಿಸಿಕೊಂಡೆ.

ಉಂಡೆದ್ದ ಮೇಲೆ ಅವರು ಕಪಾಟಿನಿಂದ ಒಂದು ಲಕೋಟೆ ತೆಗೆದರು. ತೆನೆಯಲ್ಲಿ ಉಳಿಸಿಕೊಂಡಿದ್ದ ಮೂರು ಕಾಳು ಅದಕ್ಕೆ ಬಿದ್ದವು: ಮಗನಿಗೊಂದು, ಸೊಸೆಗೊಂದು, ಇನ್ನೂ ಕಣ್ಣಾರೆ ನೋಡದ ಮೊಮ್ಮಗಳಿಗೊಂದು. ನಾಡಿದ್ದು ಕುವೈತ್‌ಗೆ ಹೊರಟಿರುವ ಆಚೆಮನೆಯ ಹುಡುಗ ಒಯ್ಯುತ್ತಾನೆ. ಬಾಯಮ್ಮನಿಗೆ ಕಣ್ಣು ಸರಿ ಕಾಣದು. ವಿಳಾಸ ಬರೆದುಕೊಟ್ಟವನು ನಾನು.